ಟ್ರಸ್ಟ್ ಅನ್ನೋ ಒಂದು ಪದ

ಹೊರಗೆ ಬಿಡದೆ ಮಳೆ. ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯ ಕಂಪ್ಯೂಟರ್ ಮುಂದೆ ಇವತ್ತು ಸಂಜೆವರೆಗೂ ಕೂತಿದ್ದೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳು, ಯಾರದು ಎಷ್ಟು ಮೂಟೆ, ಯಾರಿಗೆ ಎಷ್ಟು ಮುಂಗಡ, ಎಲ್ಲಾ ಲೆಕ್ಕವೂ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದೆ. ಪಾಸ್‌ವರ್ಡ್ ಹಾಕದೆ ಸುಮ್ನೆ ಎಂಟರ್ ಒತ್ತಿದೆ. ಒಳಗೆ ಬಿಟ್ಟೇಬಿಟ್ಟಿತು. ಎದೆ ಧಸಕ್ಕೆಂದಿತು.

ಯಾರನ್ನು ಹೇಗೆ ಒಳಗೆ ಬಿಡಬೇಕು ಅಂತ ಡೇಟಾಬೇಸ್‌ಗೆ ಹೇಳುವ ಪಿಜಿ_ಎಚ್‌ಬಿಎ ಫೈಲ್ ತೆಗೆದು ನೋಡಿದರೆ ಸಾಲಿನ ಕೊನೆಯಲ್ಲಿ 'ಟ್ರಸ್ಟ್' ಅಂತಿದೆ. ಅಂದರೆ ನಂಬು, ಯಾವ ಯೂಸರ್ ಹೆಸರು ಹೇಳಿಕೊಂಡು ಬಂದರೂ ಪಾಸ್‌ವರ್ಡ್ ಕೇಳದೆ ಒಳಗೆ ಬಿಡು ಅಂತ. ಮೊದಲು ಎಲ್ಲಾ ಯೂಸರ್‌ಗಳಿಗೂ ಪಾಸ್‌ವರ್ಡ್ ಕೊಟ್ಟೆ. ಆಮೇಲೆ ಆ ಪದ ಅಳಿಸಿ 'ಸ್ಕ್ರ್ಯಾಮ್-ಶಾ-256' ಬರೆದೆ, ಅದು ಪಾಸ್‌ವರ್ಡ್ ಕೇಳಿ ಪರೀಕ್ಷಿಸುವ ವಿಧಾನ. ಇದರಲ್ಲಿ ಪಾಸ್‌ವರ್ಡ್ ನೆಟ್‌ವರ್ಕ್‌ನಲ್ಲಿ ಇದ್ದ ಹಾಗೇ ಹೋಗುವುದಿಲ್ಲ. ಒಂದು ವಿಷಯ ಮಾತ್ರ ಜಾಸ್ತಿ ಗಮನದಲ್ಲಿರಲಿ: ಈ ಫೈಲ್‌ನಲ್ಲಿ ಮೇಲಿನಿಂದ ನೋಡುತ್ತಾ ಹೋದಾಗ ಬಂದವರಿಗೆ ಮೊದಲು ಹೊಂದುವ ಸಾಲೇ ಅಂತಿಮ. ಮೇಲೊಂದು ಟ್ರಸ್ಟ್ ಉಳಿದರೆ ಕೆಳಗೆ ಎಷ್ಟು ಬಿಗಿ ಮಾಡಿದರೂ ದಂಡ. ತಿದ್ದಿದ ಮೇಲೆ ರೀಲೋಡ್ ಕೂಡ ಮಾಡಬೇಕು, ಅಂದರೆ ಡೇಟಾಬೇಸ್ ಆ ಫೈಲನ್ನು ಮತ್ತೆ ಓದುವಂತೆ ಮಾಡಬೇಕು. ಬಿಲ್ ಬರೆಯುವವರಿಗೆ ಬೇರೆ ಯೂಸರ್ ಮಾಡಿದೆ, ಅಳಿಸುವ ಹಕ್ಕು ಕೊಡಲಿಲ್ಲ.

"ನಮ್ಮಲ್ಲಿ ಎಲ್ಲಾ ನಂಬಿಕೆ ಮೇಲೇ ನಡೆಯೋದು ಅಲ್ವಾ ಮಾರಾಯ್ರೇ?" ಅಂದರು ಯಜಮಾನರು. ನಿಜವೇ. ಆದರೆ ಗೋದಾಮಿನ ಬೀಗದ ಕೈ ಅವರ ಉಡಿದಾರದಲ್ಲೇ ಇತ್ತು. ರೈತರು ವರ್ಷದ ದುಡಿಮೆಯನ್ನು ಅವರ ಕೈಗೆ ಒಪ್ಪಿಸಿ ಹೋಗುತ್ತಾರೆ. ಆ ಲೆಕ್ಕಕ್ಕೂ ಬೀಗ ಬೇಡವೇ?

ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ಒರೆಸಿಕೊಂಡು ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡರು. ಒಂದೊಂದೇ ಅಕ್ಷರ ಒತ್ತಿ ಹೊಸ ಪಾಸ್‌ವರ್ಡ್ ಹಾಕಿದರು. ನಾನು ಕಿಟಕಿ ಕಡೆ ತಿರುಗಿ ಮಳೆ ನೋಡುತ್ತಿದ್ದೆ.