ನೂರು ವ್ಯಾಟ್ ಕೊಂಡೆ, ಕೇಳಿದ್ದು ಒಂದು ವ್ಯಾಟೂ ಅಲ್ಲ

ನಮ್ಮ ಮನೆಯ ಮೊದಲ ಎವಿ ರಿಸೀವರ್, ಅಂದರೆ ಟಿವಿ, ಪ್ಲೇಯರ್‌ಗಳ ಸದ್ದನ್ನು ಹಿಗ್ಗಿಸಿ ಕೋಣೆಯ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ, ಕೊಂಡಾಗ ನಾನು ನೋಡಿದ್ದು ಎರಡೇ ಅಂಕಿ. ಎಷ್ಟು ವ್ಯಾಟ್, ಎಷ್ಟು ಚಾನೆಲ್. ಡಬ್ಬದ ಮೇಲೆ 7.2 ಎಂದು ಬರೆದಿತ್ತು, ಅಂದರೆ ಏಳು ಸ್ಪೀಕರ್‌ಗೆ ಏಳು ಚಾನೆಲ್, ಕೆಳಸ್ವರಕ್ಕೆಂದೇ ಇರುವ ಸಬ್‌ವೂಫರ್ ಎರಡು, ಒಂದೊಂದು ಚಾನೆಲ್‌ಗೂ 100 ವ್ಯಾಟ್‌ಗಿಂತ ಜಾಸ್ತಿ ಎಂದೂ ಬರೆದಿತ್ತು, ನನಗೆ ಅಷ್ಟೇ ಸಾಕಾಯಿತು. ಮನೆಗೆ ತಂದು, ವೈರ್ ಎಳೆದು, ಒಂದು ಶನಿವಾರ ಪೂರ್ತಿ ಕೂತು ಹೊಂದಿಸಿದೆ. ಮೊದಲ ವಾರ ಸ್ವರ್ಗ. ಹೆಲಿಕಾಪ್ಟರ್ ಸೋಫಾದ ಹಿಂದಿನಿಂದ ಹಾರಿ ಬಂತು. ಎರಡನೇ ವಾರ ಹೆಂಡತಿಯ ತಕರಾರು ಶುರುವಾಯಿತು.

"ರೀ, ಅವರು ಏನು ಮಾತಾಡ್ತಿದ್ದಾರೆ ಅಂತ ಒಂದೂ ಕೇಳಿಸ್ತಿಲ್ಲ. ಗುಂಡು ಹಾರಿಸೋದು ಮಾತ್ರ ಪಕ್ಕದ ಮನೆಗೂ ಕೇಳಿಸ್ತಿದೆ."

ಅವಳು ಹೇಳಿದ್ದು ನಿಜವೇ. ಮಾತು ಬಂದಾಗ ವಾಲ್ಯೂಮ್ ಏರಿಸಬೇಕು, ಜಗಳ ಬಂದಾಗ ಓಡಿ ಇಳಿಸಬೇಕು. ಹಾಡು ಹಾಕಿದರೆ ಇನ್ನೊಂದು ಕಥೆ. ಮೆಲ್ಲಗೆ ಇಟ್ಟರೆ ಜೀವವೇ ಇಲ್ಲ, ಜೋರಾಗಿ ಇಟ್ಟರೆ ಒಂದೇ ಒಂದು ಕೆಳಸ್ವರ ಕೋಣೆಯಲ್ಲಿ ಗುಂಯ್ ಎಂದು ಸುತ್ತುತ್ತದೆ. ಎರಡು ವರ್ಷ ಹೀಗೇ ಏಗಿದೆ. ಬದಲಾಯಿಸುವ ಯೋಚನೆ ಬಂದಾಗ ಮತ್ತೆ ಅದೇ ತಪ್ಪು ಮಾಡಬಾರದು ಎಂದುಕೊಂಡು, ಯಾವ ಮಾಡೆಲ್ ಹೆಸರನ್ನೂ ಹುಡುಕುವ ಮೊದಲು ಒಂದು ಕೆಲಸ ಮಾಡಿದೆ. ರಿಸೀವರ್ ಆನ್ ಮಾಡಿದಾಗಲೆಲ್ಲ ಏನು ಕೇಳಿದೆ, ಎಷ್ಟು ಹೊತ್ತಿಗೆ ಕೇಳಿದೆ, ವಾಲ್ಯೂಮ್ ಎಷ್ಟಿತ್ತು, ಇಷ್ಟನ್ನು ಎರಡು ವಾರ ಒಂದು ಹಾಳೆಯಲ್ಲಿ ಬರೆದಿಟ್ಟೆ.

ನಾನು ಸಿನಿಮಾ ಹುಚ್ಚ ಎಂದುಕೊಂಡಿದ್ದೆ. ಹಾಳೆ ಬೇರೆಯೇ ಹೇಳಿತು. ಹದಿನಾಲ್ಕು ದಿನದಲ್ಲಿ ನೋಡಿದ್ದು ಮೂರು ಸಿನಿಮಾ. ಉಳಿದದ್ದೆಲ್ಲ ಹಾಡು, ಅದೂ ಮುಂದಿನ ಎರಡೇ ಸ್ಪೀಕರ್‌ನಲ್ಲಿ, ಮತ್ತೆ ಮಗು ಮಲಗಿದ ಮೇಲೆ ರಾತ್ರಿ ನೋಡುವ ಧಾರಾವಾಹಿಗಳು. ವಾಲ್ಯೂಮ್ ಹೆಚ್ಚುಕಡಿಮೆ ಯಾವಾಗಲೂ -38ರ ಆಸುಪಾಸು.

ಈ ಮೈನಸ್ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನನ್ನ ಕಣ್ಣು ತೆರೆಸಿದ್ದೇ ಇದು. ಮೈಕ್ ಇಟ್ಟು ಸರಿಯಾಗಿ ಹೊಂದಿಸಿದ ರಿಸೀವರ್‌ನಲ್ಲಿ ವಾಲ್ಯೂಮ್ 0 ಅಂದರೆ ಸಿನಿಮಾ ಮಿಕ್ಸ್ ಮಾಡುವವರು ಕೇಳುವ ಮಟ್ಟ. ಅಲ್ಲಿ ಒಂದೊಂದು ಮುಖ್ಯ ಚಾನೆಲ್‌ನ ಅತಿ ಜೋರಿನ ಸದ್ದು 105 ಡೆಸಿಬಲ್‌ವರೆಗೆ ಹೋಗಬಹುದು, ಸಬ್‌ವೂಫರ್‌ಗೆಂದೇ ಇರುವ ಚಾನೆಲ್ 115ರವರೆಗೆ. ನಾನು -38ರಲ್ಲಿ ಕೇಳಿದರೆ, ಬಾಂಬ್ ಸಿಡಿದರೂ ಒಂದು ಸ್ಪೀಕರ್‌ನಿಂದ ಬರುವುದು ಬರೀ 67 ಡೆಸಿಬಲ್. ಇಬ್ಬರು ಎದುರುಬದುರು ಕೂತು ಮಾತಾಡುವುದೇ 60ರ ಸುಮಾರಿಗೆ ಇರುತ್ತದೆ. ಇನ್ನು ನನ್ನ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್ ಕೊಡುವಂಥದ್ದು, ಇದನ್ನೇ ಸೆನ್ಸಿಟಿವಿಟಿ ಎನ್ನುತ್ತಾರೆ. ನಾನು ಕೂರುವುದು 3 ಮೀಟರ್ ದೂರದಲ್ಲಿ. ಆ ದೂರಕ್ಕೆ ಒಂಬತ್ತೂವರೆ ಡೆಸಿಬಲ್ ಕಳೆದರೂ ಒಂದು ವ್ಯಾಟಿಗೆ 76 ಸಿಕ್ಕೇ ಸಿಗುತ್ತದೆ. 67ಕ್ಕೆ ಬೇಕಾದದ್ದು ಒಂದು ವ್ಯಾಟ್‌ನ ಸುಮಾರು ಹತ್ತನೇ ಒಂದು ಭಾಗ. ನೂರು ವ್ಯಾಟ್ ಅಂತ ಬೀಗಿಕೊಂಡು ಹೊತ್ತು ತಂದವನು ರಾತ್ರಿಯಿಡೀ ಕೇಳುತ್ತಿದ್ದದ್ದು ಇಷ್ಟು! ಲೆಕ್ಕ ತಪ್ಪಿರಬೇಕು ಎಂದು ಎರಡು ಸಲ ಮಾಡಿದೆ. ತಪ್ಪಿರಲಿಲ್ಲ.

ಹಾಗಂತ ವ್ಯಾಟ್ ಬೇಡವೇ ಬೇಡ ಅಂತಲ್ಲ. ದೊಡ್ಡ ಹಾಲ್ ಇದ್ದರೆ, ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುವ 4 ಓಮ್‌ನದ್ದಾಗಿದ್ದು ಸೆನ್ಸಿಟಿವಿಟಿಯೂ ಕಡಿಮೆ ಇದ್ದರೆ, ಮತ್ತೆ ನೀವು ನಿಜವಾಗಿಯೂ ಥಿಯೇಟರ್ ಮಟ್ಟದಲ್ಲೇ ಕೇಳುವವರಾದರೆ ಬೇಕಾಗುತ್ತದೆ. ಆದರೆ ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬಲ್ ಅಷ್ಟೆ. ಸದ್ದು ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಅಂಗಡಿಯಲ್ಲಿ ನಿಂತು 80 ವ್ಯಾಟಿನದ್ದೋ 100 ವ್ಯಾಟಿನದ್ದೋ ಎಂದು ತಲೆ ಕೆಡಿಸಿಕೊಳ್ಳುತ್ತೇವಲ್ಲ, ಆ ಅಂತರ 1 ಡೆಸಿಬಲ್. ಸುಮ್ನೆ ಕೂತಿದ್ದಾಗ ಗೊತ್ತೇ ಆಗುವುದಿಲ್ಲ. ಡಬ್ಬದ ಮೇಲಿನ ಅಂಕಿಯನ್ನಂತೂ ನಂಬಲೇಬೇಡಿ. ಎಷ್ಟೋ ಸಲ ಅದು ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಸ್‌ನ ಒಂದೇ ಸ್ವರ ಕೊಟ್ಟು, ಸದ್ದು 10% ಕೆಡುವಷ್ಟು ಡಿಸ್ಟಾರ್ಷನ್‌ವರೆಗೆ ಹಿಂಡಿ ತೆಗೆದ ಅಂಕಿ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಓಡಿಸಿ, 0.1% ಒಳಗಿನ ಡಿಸ್ಟಾರ್ಷನ್‌ನಲ್ಲಿ ಎಷ್ಟು ಎನ್ನುವ ಸಾಲು ಕೈಪಿಡಿಯ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಹೋಲಿಸಬೇಕಾದದ್ದು ಅದನ್ನು.

ಈಗ ನನ್ನ ನಿಜವಾದ ಸಮಸ್ಯೆಗೆ ಬರುತ್ತೇನೆ. ಮೆಲ್ಲಗೆ ಇಟ್ಟರೆ ಹಾಡಿಗೆ ಜೀವ ಇಲ್ಲ ಅಂದೆನಲ್ಲ, ಅದು ಯಂತ್ರದ ತಪ್ಪಲ್ಲ, ನಮ್ಮ ಕಿವಿಯ ಸ್ವಭಾವ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಕೆಳಸ್ವರಗಳು ಉಳಿದವಕ್ಕಿಂತ ಬೇಗ ಮಾಯವಾಗುತ್ತವೆ. ಹಾಗಾಗಿ ಜೋರಾಗಿ ಕೇಳುವಾಗ ತುಂಬಿಕೊಂಡಂತಿದ್ದ ಹಾಡು -38ರಲ್ಲಿ ತಗಡಿನ ಡಬ್ಬದಂತೆ ಕೇಳುತ್ತದೆ. ಇದನ್ನು ಸರಿದೂಗಿಸುವ ಸೌಲಭ್ಯ ಎಷ್ಟೋ ರಿಸೀವರ್‌ಗಳಲ್ಲಿ ಇದೆ. ಡೆನಾನ್, ಮರಾಂಟ್ಜ್‌ಗಳಲ್ಲಿ ಅದರ ಹೆಸರು ಆಡಿಸ್ಸಿ ಎನ್ನುವ ಕಂಪನಿಯ ಡೈನಾಮಿಕ್ ಇಕ್ಯೂ, ಯಮಹಾದಲ್ಲಿ ವೈಪಿಎಒ ವಾಲ್ಯೂಮ್. ವಾಲ್ಯೂಮ್ ಇಳಿದಂತೆ ಅದೇ ತಾನಾಗಿ ಬಾಸ್ ಎತ್ತಿಕೊಡುತ್ತದೆ. ಡೈನಾಮಿಕ್ ಇಕ್ಯೂನಲ್ಲಿ ರೆಫರೆನ್ಸ್ ಆಫ್‌ಸೆಟ್ ಎನ್ನುವ ಇನ್ನೊಂದು ಆಯ್ಕೆ ಇದೆ, 0, 5, 10, 15. ಸಿನಿಮಾಕ್ಕೆ 0. ಹಾಡನ್ನು ಸಿನಿಮಾದಷ್ಟು ಜೋರಿನ ಲೆಕ್ಕದಲ್ಲಿ ಯಾರೂ ಮಿಕ್ಸ್ ಮಾಡುವುದಿಲ್ಲ, ಹಾಗಾಗಿ ಹಾಡಿಗೆ 10 ಅಥವಾ 15 ಇಡಬೇಕು. 0ಯಲ್ಲೇ ಬಿಟ್ಟು ಹಾಡು ಹಾಕಿದರೆ ಬಾಸ್ ಊದಿಕೊಂಡು "ಇದೇನಪ್ಪಾ ಇದು" ಅನ್ನಿಸುತ್ತದೆ, ಮತ್ತೆ ಜನ ಅದನ್ನು ಆಫ್ ಮಾಡಿ ಬಿಡುತ್ತಾರೆ. ನನ್ನಂತೆ ರಾತ್ರಿ ಮೆಲ್ಲಗೆ ಕೇಳುವವರಿಗೆ ಇದೊಂದು ಸೌಲಭ್ಯದ ಬೆಲೆ ಐವತ್ತು ವ್ಯಾಟಿಗಿಂತ ಜಾಸ್ತಿ. ನಾನು ಇದನ್ನೇ ಮೊದಲ ಷರತ್ತು ಮಾಡಿಕೊಂಡೆ.

ಗುಂಯ್ ಎನ್ನುತ್ತಿದ್ದ ಸ್ವರದ್ದು ಕೋಣೆಯ ತಪ್ಪು. ನಮ್ಮ ಕೋಣೆ 5 ಮೀಟರ್ ಉದ್ದ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 34 ಹರ್ಟ್ಸ್. ಆ ಸ್ವರ, ಅದರ ಎರಡು ಪಟ್ಟು, ಮೂರು ಪಟ್ಟು, ಇವೆಲ್ಲ ಎರಡು ಗೋಡೆಗಳ ನಡುವೆ ಉಯ್ಯಾಲೆ ಆಡುತ್ತವೆ. ಎಲ್ಲೋ ಒಂದು ಕಡೆ ಕೂತರೆ ವಿಪರೀತ ಬಾಸ್, ಇನ್ನೊಂದು ಕಡೆ ಕೂತರೆ ಏನೂ ಇಲ್ಲ. ಮೊದಲು ಮಾಡಬೇಕಾದದ್ದು ಸಬ್‌ವೂಫರ್ ಜಾಗ ಬದಲಾಯಿಸುವುದು, ಅದು ಪುಕ್ಕಟೆ. ಆಮೇಲೆ ಉಳಿದದ್ದಕ್ಕೆ, ಮೈಕ್‌ನಲ್ಲಿ ಅಳೆದು ಕೋಣೆಗೆ ತಕ್ಕಂತೆ ಸದ್ದನ್ನು ತಿದ್ದುವ ರಿಸೀವರ್‌ನ ರೂಮ್ ಕರೆಕ್ಷನ್. ನನ್ನ ಹಳೆಯದರಲ್ಲೂ ಮೈಕ್ ಇತ್ತು, ಆದರೆ ಅದು ದೂರ ಮತ್ತು ಮಟ್ಟ ಅಳೆದು, ಸ್ಪೀಕರ್‌ಗಳನ್ನು ಅಷ್ಟಿಷ್ಟು ತಿದ್ದಿ ಕೈತೊಳೆದುಕೊಳ್ಳುತ್ತಿತ್ತು, ಸಬ್‌ವೂಫರ್ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ಇದನ್ನು ಕೊಳ್ಳುವ ಮೊದಲೇ ನೋಡಬೇಕು. ಆಡಿಸ್ಸಿಯ ಕರೆಕ್ಷನ್‌ನಲ್ಲೇ ಮೆಟ್ಟಿಲುಗಳಿವೆ, ಮೇಲಿನದು ಎಕ್ಸ್‌ಟಿ32, ಬಾಸ್‌ಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಡಿರಾಕ್ ಲೈವ್ ಎನ್ನುವ ಇನ್ನೊಂದು ಕರೆಕ್ಷನ್ ಆಂಕ್ಯೋ, ಪಯೋನಿಯರ್, ಎನ್‌ಎಡಿ ಮುಂತಾದವರ ಕೆಲವು ಮಾಡೆಲ್‌ಗಳಲ್ಲಿ ಬರುತ್ತದೆ, ಅದರಲ್ಲಿ ಯಾವ ಸ್ವರ ಎಷ್ಟು ಜೋರಿರಬೇಕು ಎನ್ನುವ ಗೆರೆಯನ್ನು ನೀವೇ ಎಳೆದುಕೊಳ್ಳಬಹುದು. ಸಪಾಟಾದ ಗೆರೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಕೆಳಗಡೆ ಸ್ವಲ್ಪ ಏರು, ಮೇಲ್ಗಡೆ ಸ್ವಲ್ಪ ಇಳಿಜಾರು ಇದ್ದರೆ ಹಿತ. ರುಚಿ ಎನ್ನುವುದನ್ನು ಯಂತ್ರಕ್ಕೆ ಹೇಳಿಕೊಡುವ ಜಾಗ ಇದೇ ಅಂತ ನನಗೆ ಅನ್ನಿಸುತ್ತದೆ.

ಒಂದು ಕಿವಿಮಾತು. ಆಡಿಸ್ಸಿ ತನ್ನ ಪಾಡಿಗೆ ಬಿಟ್ಟರೆ 2 ಕಿಲೋಹರ್ಟ್ಸ್ ಹತ್ತಿರ ಒಂದು ಚಿಕ್ಕ ತಗ್ಗು ಮಾಡುತ್ತದೆ, ಬೇಕೆಂದೇ. ಹಾಡುವ ದನಿ ಸ್ವಲ್ಪ ಹಿಂದೆ ಸರಿದಂತೆ ಕೇಳಿಸುತ್ತದೆ. ನನ್ನಂತೆ ದನಿಗೇ ಕಿವಿ ಕೊಡುವವರಾದರೆ ಫೋನಿನ ಆ್ಯಪ್‌ನಲ್ಲಿ ಅದನ್ನು ತೆಗೆದು ಹಾಕಬಹುದು. ಆ ಆ್ಯಪ್‌ಗೆ ಬೇರೆ ದುಡ್ಡು ಕೇಳುತ್ತಾರೆ, ಅದಕ್ಕೆ ನನ್ನ ಗೊಣಗಾಟ ಇದ್ದೇ ಇದೆ.

ಬ್ರ್ಯಾಂಡ್ ವಿಷಯಕ್ಕೆ ಬಂದರೆ, ಮರಾಂಟ್ಜ್ ವಾರ್ಮ್, ಯಮಹಾ ಬ್ರೈಟ್, ಡೆನಾನ್ ಗುದ್ದು ಜಾಸ್ತಿ, ಈ ಮಾತನ್ನು ಕೇಳದವರೇ ಇಲ್ಲ ಅಲ್ವಾ? ನಾನೂ ನಂಬಿದ್ದೆ. ನನ್ನ ಗೆಳೆಯನಂತೂ ಇದರ ಮೇಲೆ ಆಣೆ ಇಡುತ್ತಾನೆ. "ಗುರು, ನನ್ನದರಲ್ಲಿ ದನಿ ಬೆಣ್ಣೆ ಥರ ಇರುತ್ತೆ, ನಿಂದು ಕಿವಿ ಕೊರೆಯುತ್ತೆ" ಎಂದು ಒಂದು ಭಾನುವಾರ ತನ್ನ ರಿಸೀವರ್ ಹೊತ್ತುಕೊಂಡೇ ಬಂದ. ಪಕ್ಕಪಕ್ಕ ಇಟ್ಟೆವು. ನನ್ನದೇ ಸ್ಪೀಕರ್, ಅದದೇ ಹಾಡು. ಮೊದಲ ಸುತ್ತಿನಲ್ಲಿ ಅವನದೇ ಚೆಂದ, ಒಪ್ಪಿಕೊಂಡೆ. ಆಮೇಲೆ ಮಲ್ಟಿಮೀಟರ್ ತಂದು, ಒಂದು ಟೆಸ್ಟ್ ಸ್ವರ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆದರೆ ಅವನದು 1 ಡೆಸಿಬಲ್‌ಗೂ ಸ್ವಲ್ಪ ಜಾಸ್ತಿ ಓಡುತ್ತಿತ್ತು. ಅಷ್ಟು ಅಂತರ ಇದ್ದರೆ ನಮಗೆ "ಜೋರು" ಎಂದು ಅನ್ನಿಸುವುದಿಲ್ಲ, "ಚೆಂದ" ಎಂದು ಅನ್ನಿಸುತ್ತದೆ, ಮೋಸ ಇರುವುದೇ ಇಲ್ಲಿ. ಎರಡನ್ನೂ ಸಮ ಮಾಡಿದೆವು, ಎರಡನ್ನೂ ಸದ್ದಿಗೆ ಯಾವ ತಿದ್ದುಪಡಿಯೂ ಇಲ್ಲದ ಡೈರೆಕ್ಟ್ ಮೋಡ್‌ಗೆ ಹಾಕಿದೆವು, ನಾವಿಬ್ಬರೂ ಗೋಡೆಗೆ ಮುಖ ಮಾಡಿ ಕೂತೆವು, ಹೆಂಡತಿ ಪ್ರತಿ ಸಲ ಪವರ್ ಆಫ್ ಮಾಡಿ ವೈರ್ ಬದಲಾಯಿಸಿದಳು, ಅಥವಾ ಬದಲಾಯಿಸಿದಂತೆ ನಟಿಸಿದಳು. ಹತ್ತು ಸಲದಲ್ಲಿ ಗೆಳೆಯ ಆರು ಸರಿ ಹೇಳಿದ, ನಾನು ಐದು. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ವೈರ್ ಬದಲಾಯಿಸಲು ಒಂದು ನಿಮಿಷ ಬೇಕು, ಅಷ್ಟರಲ್ಲಿ ಕಿವಿ ಮರೆಯುತ್ತದೆ ಎಂದು ಗೆಳೆಯ ವಾದಿಸಿದ. ಇರಬಹುದು. ಆದರೆ ಎರಡರಲ್ಲೂ ರೂಮ್ ಕರೆಕ್ಷನ್ ಹಾಕಿದ ತಕ್ಷಣ ಅದೇ ಒಂದು ನಿಮಿಷದ ಅಂತರದಲ್ಲೂ ಇಬ್ಬರೂ ಹತ್ತಕ್ಕೆ ಹತ್ತು ಗುರುತಿಸಿದೆವು.

ಇದೊಂದೇ ಭಾನುವಾರದಿಂದ ಜಗತ್ತಿಗೆಲ್ಲ ತೀರ್ಪು ಕೊಡುವುದಿಲ್ಲ. ಆದರೆ ಡೆನಾನ್ ಮತ್ತು ಮರಾಂಟ್ಜ್ 2002ರಿಂದ ಒಂದೇ ಕಂಪನಿಯ ಸೂರಿನಡಿ ಇವೆ, ಎರಡರಲ್ಲೂ ಅದೇ ಆಡಿಸ್ಸಿ ಇದೆ, ಜನ ಮಾತ್ರ ಒಂದು ಬೆಂಕಿ, ಒಂದು ಬೆಣ್ಣೆ ಎನ್ನುತ್ತಲೇ ಇರುತ್ತಾರೆ.

ಚಾನೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಾಲ್ಬಿ ಅಟ್ಮಾಸ್ ಎನ್ನುವ ಸದ್ದಿನ ವಿಧಾನ ಮನೆಗಳಿಗೆ ಬಂದದ್ದು 2014ರಲ್ಲಿ, ಅದಕ್ಕೆ ಮೇಲಿನಿಂದ ಸದ್ದು ಕೇಳಿಸುವ ಸ್ಪೀಕರ್ ಬೇಕು, 5.1.2ರಲ್ಲಿ ಕೊನೆಯ 2 ಅಂದರೆ ಅದೇ. ನಮ್ಮ ಚಾವಣಿಗೆ ತೂತು ಕೊರೆಯಲು ಅನುಮತಿ ಸಿಗಲಿಲ್ಲ, ಆ ಕಥೆ ಅಲ್ಲಿಗೇ ಮುಗಿಯಿತು. ಎರಡು ಚಾನೆಲ್ ಹಾಡನ್ನು ಎಲ್ಲ ಸ್ಪೀಕರ್‌ಗೂ ಹರಡುವ ಡಾಲ್ಬಿ ಸರೌಂಡ್, ನ್ಯೂರಲ್:ಎಕ್ಸ್ ಥರದವು ಗೆಳೆಯನಿಗೆ ಪ್ರಾಣ. ನನಗೆ ಹಾಡುವವರು ಎದುರಿಗೇ ನಿಂತಿರಬೇಕು, ಕೊಳಲು ಸೋಫಾದ ಹಿಂದಿನಿಂದ ಬಂದರೆ ನಾನು ತಿರುಗಿ ನೋಡುತ್ತೇನೆ. ನಿಮಗೆ ಯಾವುದು ಇಷ್ಟ ಎನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಎಚ್‌ಡಿಎಂಐ ವಿಷಯದಲ್ಲಿ, ಡಿಸ್ಕ್ ಪ್ಲೇಯರ್ ಟಿವಿಗೆ ಸೇರಿಸಿ ಅಲ್ಲಿಂದ ಸದ್ದು ತರುವುದಾದರೆ ಆ ಸದ್ದನ್ನು ಪೂರ್ತಿ ಗುಣಮಟ್ಟದಲ್ಲಿ ಟಿವಿಯಿಂದ ರಿಸೀವರ್‌ಗೆ ಕಳಿಸುವ ಇಆರ್ಕ್ ಇರಲಿ, 4ಕೆ 120 ಹರ್ಟ್ಸ್‌ನಲ್ಲಿ ಗೇಮ್ ಆಡುವವರಾದರೆ 2.1 ಪೋರ್ಟ್ ಎಷ್ಟಿವೆ ಎಂದು ಎಣಿಸಿ. ಮುಂದೆ ಬೇರೆ ಆಂಪ್ಲಿಫೈಯರ್ ಸೇರಿಸುವ ಆಸೆ ಇದ್ದರೆ ಹಿಂಬದಿಯಲ್ಲಿ ಪ್ರೀ-ಔಟ್ ಇದೆಯೇ ನೋಡಿ.

ಮಾತು ಕೇಳಿಸದ ಸಮಸ್ಯೆ? ಅದಕ್ಕೆ ಅರ್ಧ ಮದ್ದು ಹಳೆಯ ರಿಸೀವರ್‌ನಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ಸಿನಿಮಾದ ಮಾತು ಬಹುಪಾಲು ನಡುವಿನ ಸ್ಪೀಕರ್‌ನಿಂದಲೇ ಬರುತ್ತದೆ. ಅದನ್ನು 3 ಡೆಸಿಬಲ್ ಏರಿಸಿದೆ, ಅದರ ಮೂತಿ ಮೊಣಕಾಲಿನ ಕಡೆಗಿತ್ತು, ಕಿವಿಯ ಕಡೆಗೆ ತಿರುಗಿಸಿದೆ, ಸಣ್ಣ ಸ್ಪೀಕರ್‌ಗಳನ್ನೆಲ್ಲ 80 ಹರ್ಟ್ಸ್‌ನಲ್ಲಿ ಕತ್ತರಿಸಿ ಕೆಳಗಿನದನ್ನು ಸಬ್‌ವೂಫರ್‌ಗೆ ಬಿಟ್ಟೆ. ಉಳಿದರ್ಧ ಹೊಸದರಲ್ಲಿ ಸಿಕ್ಕಿತು, ರಿಮೋಟ್‌ನಲ್ಲೇ ಮಾತಿನ ಮಟ್ಟ ಏರಿಸುವ ಗುಂಡಿ, ಮತ್ತೆ ಮಾತು-ಗುಂಡಿನ ಸದ್ದಿನ ನಡುವಿನ ಅಂತರ ಕಡಿಮೆ ಮಾಡುವ ರಾತ್ರಿ ಮೋಡ್. ಶುದ್ಧವಾದಿಗಳು ಇದನ್ನು ಪಾಪ ಎನ್ನುತ್ತಾರೆ. ಮಲಗಿದ ಮಗು ಅವರ ಮನೆಯಲ್ಲಿ ಇಲ್ಲ ಅಂತ ಕಾಣುತ್ತೆ.

ಕೊನೆಗೆ ಕೊಂಡದ್ದು ಹಳೆಯದಕ್ಕಿಂತ ಕಡಿಮೆ ವ್ಯಾಟಿನದು, ಆದರೆ ರೂಮ್ ಕರೆಕ್ಷನ್ ಒಂದು ಮೆಟ್ಟಿಲು ಮೇಲಿನದು. ಇಷ್ಟೆಲ್ಲ ಲೆಕ್ಕ ಹಾಕಿದವನು ಒಂದನ್ನು ಮಾತ್ರ ಅಳೆಯಲಿಲ್ಲ, ಕಪಾಟನ್ನು. ರಿಸೀವರ್ ಬಿಸಿಯಾಗುತ್ತದೆ, ಮೇಲೆ ಗಾಳಿ ಆಡಲು ಒಂದು ಗೇಣಾದರೂ ಜಾಗ ಬೇಕು. ಹೊಸದು ಎತ್ತರದಲ್ಲಿ ಹೇಗೋ ತೂರಿತು, ಉದ್ದದಲ್ಲಿ ನಾಲ್ಕು ಬೆರಳು ಹೊರಗೆ ಬಂತು, ಹಿಂದೆ ಕೇಬಲ್ ಬೇರೆ. ಕಪಾಟಿನ ಬಾಗಿಲು ಬಿಚ್ಚಿ ಮಂಚದ ಕೆಳಗೆ ತಳ್ಳಿದ್ದೇನೆ. ಹೆಂಡತಿ ಇನ್ನೂ ನೋಡಿಲ್ಲ.