ಪೇತ್ರನ ನಿದ್ದೆ

ನಮ್ಮ ಯಜಮಾನರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ನೋವಿಲ್ಲ, ಜ್ವರವಿಲ್ಲ. ಮೊದಲು ಗೋಲಿಯಷ್ಟಿತ್ತು. ಎರಡು ತಿಂಗಳಲ್ಲಿ ಅಂಗಿಯ ಕಾಲರ್ ತಾಗುವಷ್ಟು ಬೆಳೆಯಿತು. ಡಾಕ್ಟರ್ ಮುಟ್ಟಿ ನೋಡಿ, ಬಯಾಪ್ಸಿ ಮಾಡಿಬಿಡೋಣ, ಗಂಟಿನಿಂದ ಒಂದು ಚಿಕ್ಕ ತುಂಡು ತೆಗೆದು ಪರೀಕ್ಷೆಗೆ ಕಳಿಸೋಣ ಅಂದರು. ಒಂದು ವಾರದಲ್ಲಿ ರಿಪೋರ್ಟ್ ಬರುತ್ತೆ ಅಂತಲೂ ಹೇಳಿದರು.

ಏಳನೇ ದಿನ ಫೋನ್ ಮಾಡಿದರೆ, ಇನ್ನೊಂದು ಪರೀಕ್ಷೆ ಬೇಕಾಗಿದೆ, ನಾಲ್ಕೈದು ದಿನ ಕಾಯಿರಿ ಅಂದರು. ಆ ಚಿಕ್ಕ ತುಂಡನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡುತ್ತಾರಂತೆ. ಒಂದು ಬಣ್ಣದಲ್ಲಿ ಗೊತ್ತಾಗದಿದ್ದರೆ ಬೇರೆ ಬೇರೆ ಪರೀಕ್ಷೆ ಮಾಡಬೇಕಂತೆ. ಅವರ ತಪ್ಪೇನಿಲ್ಲ, ಸರಿಯಾಗಿ ತಿಳಿದುಕೊಳ್ಳೋಕೆ ಸಮಯ ಬೇಕು. ಆದರೆ ಕಾಯುವವರ ಮನೆಯಲ್ಲಿ ಗಡಿಯಾರ ಬೇರೆ ಥರ ಓಡುತ್ತೆ.

ಹಗಲು ಹೇಗೋ ಕಳೆಯುತ್ತಿತ್ತು. ಕಷ್ಟ ಅಂದರೆ ರಾತ್ರಿ. ಅವರು ಉಸಿರಾಡುವುದನ್ನು ಕೇಳುತ್ತಾ ಮಲಗಿರುತ್ತಿದ್ದೆ. ಅವರಿಗೆ ನಿದ್ದೆ ಬಂದಿದೆ ಅನ್ನಿಸಿದ ಮೇಲೆ ಕತ್ತಲಲ್ಲೇ ಮೆಲ್ಲಗೆ ಕೈ ಚಾಚಿ ಆ ಗಂಟನ್ನು ಮುಟ್ಟಿ ನೋಡುತ್ತಿದ್ದೆ. ನಿನ್ನೆಗಿಂತ ದೊಡ್ಡದಾಗಿದೆಯಾ, ಗಟ್ಟಿಯಾಗಿದೆಯಾ? ಒಂದು ರಾತ್ರಿ ಹಾಗೆ ಮುಟ್ಟಿದಾಗ ಅವರು ಕಣ್ಣು ಬಿಡದೆಯೇ ನನ್ನ ಬೆರಳು ಹಿಡಿದುಕೊಂಡು, "ಇನ್ನೂ ಇದೆ ಕಣೇ, ಮಲಗು" ಅಂದರು. ಇಬ್ಬರೂ ಎಚ್ಚರವಾಗೇ ಇದ್ದೆವು. ಇಬ್ಬರೂ ಇನ್ನೊಬ್ಬರಿಗೋಸ್ಕರ ನಿದ್ದೆ ಬಂದವರ ಹಾಗೆ ಮಲಗಿದ್ದೆವು.

ಪ್ರಾರ್ಥನೆ ಮಾಡುತ್ತಿರಲಿಲ್ಲ ಅಂತಲ್ಲ. ಚಿಕ್ಕಂದಿನಿಂದ ಪ್ರಾರ್ಥನೆ ಮಾಡಿಕೊಂಡು ಬಂದವಳು ನಾನು. ಆದರೆ ಆ ದಿನಗಳಲ್ಲಿ ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು. ಕರ್ತನೇ, ಅದು ಆಗಿರದೇ ಇರಲಿ. ಹತ್ತು ಸಲ, ಇಪ್ಪತ್ತು ಸಲ ಅದೇ. ಹೇಳಿ ಮುಗಿಸಿದ ಮೇಲೆ ಭಯ ಇನ್ನೂ ಜಾಸ್ತಿ ಆಗುತ್ತಿತ್ತು. ವಿಷಯ ಗೊತ್ತಿದ್ದ ಕೆಲವರು, "ನಂಬಿಕೆ ಇಡಿ, ಏನೂ ಆಗಲ್ಲ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ಮಾತು ನನ್ನನ್ನು ಚುಚ್ಚುತ್ತಿತ್ತು. ಏನಾದರೂ ಆದರೆ ನನ್ನ ನಂಬಿಕೆ ಕಡಿಮೆಯಾಯಿತು ಅಂತ ಅರ್ಥವಾ? ಅವರ ಪ್ರಾಣ ನನ್ನ ನಂಬಿಕೆಯ ಅಳತೆಯ ಮೇಲೆ ನಿಂತಿದೆಯಾ? ಅಂಥ ಭಾರವನ್ನು ಯಾರ ತಲೆ ಮೇಲೂ ಹೊರಿಸಬಾರದು ಅಂತ ಈಗ ನನಗೆ ಖಂಡಿತವಾಗಿ ಅನ್ನಿಸುತ್ತೆ.

ಎಂಟನೇ ರಾತ್ರಿ ಒಂಬತ್ತೂವರೆ ಹೊತ್ತಿಗೆ ಸಭೆಯ ಒಬ್ಬ ಹಿರಿಯ ಆಂಟಿ ಫೋನ್ ಮಾಡಿದರು. ರಿಪೋರ್ಟ್ ಬಂತಾ ಅಂತ ಕೇಳಲಿಲ್ಲ.

"ನಿದ್ದೆ ಬರ್ತಿದೆಯಾ ಮಗಳೇ?" ಅಂದರು.

ಎಂಟು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಅಳು ತಡೆಯಲಾಗಲಿಲ್ಲ. ಅವರು ಸಮಾಧಾನದ ಮಾತು ಏನೂ ಆಡಲಿಲ್ಲ, ನಾನು ಅತ್ತು ಮುಗಿಸುವ ತನಕ ಸುಮ್ನೆ ಇದ್ದರು. ಆಮೇಲೆ, "ಇವತ್ತು ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಓದು. ಪೇತ್ರ ಏನು ಮಾಡುತ್ತಿದ್ದ ಅಂತ ನೋಡು, ಅಷ್ಟೇ ಸಾಕು" ಅಂದು ಫೋನ್ ಇಟ್ಟರು.

ಆ ಕಥೆ ನನಗೆ ಗೊತ್ತಿತ್ತು. ಭಾನುವಾರದ ಶಾಲೆಯಲ್ಲಿ ಕಲಿತದ್ದು. ಯೇಸುವಿನ ಶಿಷ್ಯ ಪೇತ್ರ ಜೈಲಿನಲ್ಲಿದ್ದ, ದೇವದೂತ ಬಂದು ಬಿಡಿಸಿದ. ನನ್ನ ನೆನಪಿನಲ್ಲಿ ಅದು ಬಿಡುಗಡೆಯ ಕಥೆ ಅಷ್ಟೇ. ಆ ರಾತ್ರಿ ನಿಧಾನವಾಗಿ ಓದಿದೆ. ಶುರುವಿನಲ್ಲೇ ಹೆರೋದ ರಾಜ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಯಾಕೋಬ ಅಂದರೆ ಯೋಹಾನನ ಅಣ್ಣ, ಪೇತ್ರನ ಜೊತೆ ಮೀನು ಹಿಡಿಯುತ್ತಿದ್ದವನು, ಯೇಸುವಿನ ಹತ್ತಿರದ ಮೂವರಲ್ಲಿ ಒಬ್ಬ. ಅವನಿಗೋಸ್ಕರ ಯಾವ ದೇವದೂತನೂ ಬಂದಂತಿಲ್ಲ. ಆಮೇಲೆ ಪೇತ್ರನನ್ನು ಹಿಡಿಯುತ್ತಾರೆ. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ಗುಂಪು ಕಾವಲು. ಮಾರನೇ ದಿನ ಅವನನ್ನು ಜನರ ಮುಂದೆ ತರಿಸಬೇಕು ಅಂತ ಹೆರೋದ ಇದ್ದ.

ಆ ರಾತ್ರಿ ಪೇತ್ರ ನಿದ್ದೆ ಮಾಡುತ್ತಿದ್ದ. ಎರಡು ಸರಪಳಿ, ಆ ಕಡೆ ಒಬ್ಬ ಸಿಪಾಯಿ, ಈ ಕಡೆ ಒಬ್ಬ ಸಿಪಾಯಿ, ನಡುವೆ ನಿದ್ದೆ. ಎಂಥ ನಿದ್ದೆ ಅಂದರೆ, ದೇವದೂತ ಬಂದು ಕೋಣೆಯೆಲ್ಲಾ ಬೆಳಕಾದರೂ ಎಚ್ಚರವಾಗಲಿಲ್ಲ. ಪಕ್ಕೆಗೆ ತಟ್ಟಿ ಎಬ್ಬಿಸಬೇಕಾಯಿತು.

ನಾನು ಅಲ್ಲೇ ನಿಂತೆ. ಬಿಡುಗಡೆಯಾಗುತ್ತೆ ಅಂತ ಪೇತ್ರನಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ದೇವದೂತನ ಹಿಂದೆ ನಡೆದು ಹೋಗುವಾಗಲೂ ಕನಸು ಅಂತಲೇ ಅಂದುಕೊಂಡಿದ್ದನಂತೆ. ಅವನಿಗೆ ಖಚಿತವಾಗಿ ಗೊತ್ತಿದ್ದದ್ದು ಯಾಕೋಬ ಸತ್ತ ಅನ್ನುವುದು. ಅಂದರೆ ಬದುಕುತ್ತೇನೆ ಅನ್ನುವ ಧೈರ್ಯದಿಂದ ಬಂದ ನಿದ್ದೆ ಅಲ್ಲ ಅದು. ಬದುಕಿದರೂ ಸತ್ತರೂ ತಾನು ಯಾರ ಕೈಯಲ್ಲಿದ್ದೇನೆ ಅಂತ ಗೊತ್ತಿದ್ದವನ ನಿದ್ದೆ. ನಾನೋ, ರಿಪೋರ್ಟ್ ಚೆನ್ನಾಗಿ ಬಂದರೆ ಸಮಾಧಾನ ಸಿಗುತ್ತೆ, ಆಮೇಲೆ ನಿದ್ದೆ ಮಾಡೋಣ ಅಂತ ಕಾಯುತ್ತಿದ್ದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ತುಂಬಾ ಇಷ್ಟವಾದದ್ದು. ಅದೇ ಹೊತ್ತಿಗೆ ಮರಿಯ ಅನ್ನುವವಳ ಮನೆಯಲ್ಲಿ ಎಲ್ಲರೂ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಪೇತ್ರ ಬಂದು ಬಾಗಿಲು ತಟ್ಟಿದರೆ, ರೋದೆ ಅನ್ನುವ ಹುಡುಗಿ ದನಿ ಗುರುತು ಹಿಡಿದು, ಸಂತೋಷಕ್ಕೆ ಬಾಗಿಲು ತೆಗೆಯುವುದನ್ನೇ ಬಿಟ್ಟು ಒಳಗೆ ಓಡುತ್ತಾಳೆ. ಒಳಗಿದ್ದವರು ನಿನಗೆ ಹುಚ್ಚು ಅನ್ನುತ್ತಾರೆ. ಪ್ರಾರ್ಥನೆ ಮಾಡುತ್ತಿದ್ದವರೇ ನಂಬಲಿಲ್ಲ ನೋಡಿ. ಹಾಗಿದ್ದರೂ ದೇವರು ಅವರ ಪ್ರಾರ್ಥನೆ ಕೇಳಿದ್ದರು. ನಂಬಿಕೆಯ ಅಳತೆಯ ಬಗ್ಗೆ ನಾನು ಹೊತ್ತುಕೊಂಡಿದ್ದ ಭಾರ ಆ ಸಾಲು ಓದುವಾಗ ಇಳಿಯಿತು.

ದೀಪ ಆರಿಸಿ ಮಲಗಿದೆ. ಮನಸ್ಸಿಗೆ ಬಂದದ್ದು ಗೆತ್ಸೇಮನೆ ತೋಟ, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಪ್ರಾರ್ಥನೆ ಮಾಡಿದ ಜಾಗ. ಅಲ್ಲಿ ಶಿಷ್ಯರು ನಿದ್ದೆ ಹೋದರು, ಪೇತ್ರನೂ ಹೋದ. ಎಚ್ಚರವಾಗಿದ್ದದ್ದು ಯೇಸು ಒಬ್ಬರೇ. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದಾಟಿ ಹೋಗಲಿ ಅಂತ ಬೇಡಿಕೊಂಡರು. ಮೂರನೇ ಸಲವೂ ಅದೇ ಮಾತನ್ನೇ ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ ಬರೆಯುತ್ತಾನೆ. ಹಾಗಾದರೆ ನನ್ನ ಒಂದೇ ಮಾತಿನ ಪ್ರಾರ್ಥನೆ ತಪ್ಪಲ್ಲ, ಅಲ್ವಾ? ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ತಲೆದಿಂಬು ಇಟ್ಟುಕೊಂಡು ನಿದ್ದೆ ಮಾಡಿದವರೂ ಅವರೇ, ತೋಟದಲ್ಲಿ ನಿದ್ದೆಯಿಲ್ಲದೆ ಒದ್ದಾಡಿದವರೂ ಅವರೇ. ನನ್ನ ಎಂಟು ರಾತ್ರಿಗಳು ಅವರಿಗೆ ಅರ್ಥವಾಗದ್ದೇನಲ್ಲ.

ಆಮೇಲೆ ಕೀರ್ತನೆ 121. ನಮ್ಮನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ. ಎಷ್ಟೋ ಸಲ ಬಾಯಿಪಾಠ ಹೇಳಿದ್ದೇನೆ. ಅವತ್ತು ಅದು ಬೇರೆ ರೀತಿ ಕೇಳಿಸಿತು. ಹೇಗಿದ್ದರೂ ದೇವರು ಎಚ್ಚರವಾಗಿದ್ದಾರೆ. ಈ ಗಂಟಿಗೆ ನಾನು ಕಾವಲು ಕೂರಬೇಕಾಗಿಲ್ಲ.

"ಕರ್ತನೇ, ನೀವು ನೋಡಿಕೊಳ್ಳಿ, ನನಗೆ ಆಗುತ್ತಿಲ್ಲ" ಅಂದೆ. ಅದಕ್ಕಿಂತ ದೊಡ್ಡ ಪ್ರಾರ್ಥನೆ ನನ್ನಲ್ಲಿ ಇರಲಿಲ್ಲ. ಭಯ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಭಯ ಅಲ್ಲೇ ಇತ್ತು, ಆದರೆ ಬಾಗಿಲ ಆಚೆ ನಿಂತಿತ್ತು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ದೇವರ ಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ ಅಂತ ಪೌಲ ಹೇಳುತ್ತಾನಲ್ಲ, ಮೂಲ ಗ್ರೀಕ್‌ನಲ್ಲಿ ಆ 'ಕಾಯುವುದು' ಅನ್ನುವ ಪದ ಸೈನಿಕರ ಪಹರೆಗೆ ಬಳಸುವ ಪದ. ಪೌಲ ಸೆರೆಯಲ್ಲಿ ಕೂತು ಬರೆದ ಪತ್ರ ಅದು. ಅವನ ಸುತ್ತ ಇದ್ದದ್ದೂ ಪಹರೆಯೇ. ನನ್ನೊಳಗೂ ಯಾರೋ ಬಂದು ಬಾಗಿಲಿಗೆ ಅಡ್ಡ ನಿಂತ ಹಾಗಿತ್ತು. ಎಷ್ಟು ಹೊತ್ತಿಗೆ ನಿದ್ದೆ ಬಂತೋ ಗೊತ್ತಿಲ್ಲ.

ಹನ್ನೆರಡನೇ ದಿನ ರಿಪೋರ್ಟ್ ಬಂತು. ನಾವು ಬೇಡಿಕೊಂಡದ್ದಲ್ಲ. ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್ ಅಂದರು. 21 ದಿನಕ್ಕೊಮ್ಮೆ ಕೀಮೋ, ಒಟ್ಟು ಆರು ಸಲ, ಆಮೇಲೆ ಸ್ಕ್ಯಾನ್ ಮಾಡಿ ನೋಡೋಣ ಅಂದರು. ಡಾಕ್ಟರ್ ಮಾತಾಡುವಾಗ ಕಾಲು ನಡುಗಿದ್ದು ನಿಜ. ಕಾರಿನಲ್ಲಿ ಇಬ್ಬರೂ ಅತ್ತೆವು. ದೇವರ ಮೇಲೆ ಕೋಪವೂ ಬಂತು, ಅದನ್ನೂ ಅವರಿಗೇ ಹೇಳಿದೆ. ಕೀರ್ತನೆ 13ರಲ್ಲಿ ದಾವೀದ ಇನ್ನೂ ಎಷ್ಟರವರೆಗೆ, ಇನ್ನೂ ಎಷ್ಟರವರೆಗೆ ಅಂತ ನಾಲ್ಕು ಸಲ ಕೇಳುತ್ತಾನೆ. ಕೇಳಬಾರದು ಅಂತಿದ್ದರೆ ಅದು ಬೈಬಲಿನಲ್ಲಿ ಇರುತ್ತಿರಲಿಲ್ಲ.

ಈಗ ನಾಲ್ಕು ಸಲದ ಕೀಮೋ ಮುಗಿದಿದೆ. ಕುತ್ತಿಗೆಯ ಗಂಟು ಕೈಗೆ ಸಿಗುತ್ತಿಲ್ಲ. ಕೊನೆಯ ಸ್ಕ್ಯಾನ್ ಏನು ಹೇಳುತ್ತೋ ಗೊತ್ತಿಲ್ಲ. ಕೆಲವು ರಾತ್ರಿ ಎಚ್ಚರವಾಗಿಬಿಡುತ್ತೆ, ಆಗ ಮತ್ತೆ ಅದೇ ಮಾತು ಹೇಳುತ್ತೇನೆ. ನೀವು ನೋಡಿಕೊಳ್ಳಿ.

ರಿಪೋರ್ಟ್ ಬಂದ ದಿನ ರಾತ್ರಿ ಆಂಟಿ ಫೋನ್ ಮಾಡಿರಲಿಲ್ಲ. ಮಾರನೇ ದಿನ ಬೆಳಗ್ಗೆ ಮಾಡಿದರು. ವಿಷಯ ಅವರಿಗೆ ತಿಳಿದಿತ್ತು. ಆದರೂ ಮೊದಲು ಕೇಳಿದ್ದು ಅದೇ ಪ್ರಶ್ನೆ.

"ಬಂತು ಆಂಟಿ" ಅಂದೆ. "ಈಗಷ್ಟೇ ಅವರು ಭುಜ ತಟ್ಟಿ ಎಬ್ಬಿಸಿದರು."