ಆ ತಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ಏಪ್ರಿಲ್ 17ರ ವಿಶ್ವ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ದಿನದಂದು ನಮ್ಮ ತಾಲ್ಲೂಕು ಆಸ್ಪತ್ರೆಯ ಓಪಿಡಿ ಹಜಾರದಲ್ಲಿ ತಾಯಂದಿರಿಗೆ ತಿಳಿವಳಿಕೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಲಾಖೆಯ ಪೋಸ್ಟರಿನಲ್ಲಿದ್ದ, ಮೊಣಕಾಲು ಊದಿದ ಹುಡುಗನ ಚಿತ್ರ ತೋರಿಸಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಾದ ಫ್ಯಾಕ್ಟರ್ 8 ಅಥವಾ 9ರ ಕೊರತೆ ವಿವರಿಸಿ, ಇದು ಗಂಡುಮಕ್ಕಳ ಕಾಯಿಲೆ ಎಂದು ಮಾತು ಮುಗಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಎದ್ದು, "ಸಿಸ್ಟರ್, ನನ್ನ ಮಗಳಿಗೆ ಮುಟ್ಟಾದರೆ ಹತ್ತು ದಿನವಾದರೂ ನಿಲ್ಲೋದಿಲ್ಲ, ಅದೂ ಇದೇನಾ?" ಎಂದು ಕೇಳಿದರು. "ಇಲ್ಲಮ್ಮ, ಹೊಸದರಲ್ಲಿ ಹಾಗೇ ಇರುತ್ತೆ, ಐರನ್ ಮಾತ್ರೆ ಕೊಡಿ" ಎಂದುಬಿಟ್ಟೆ.

ಮೂರು ವಾರಗಳ ನಂತರ, ನನ್ನ ನೈಟ್ ಡ್ಯೂಟಿಯಲ್ಲಿ, ಅದೇ ತಾಯಿ ಮಗಳನ್ನು ಕ್ಯಾಶುವಾಲಿಟಿಗೆ ಕರೆತಂದರು. ಮಧ್ಯಾಹ್ನ ಬೇರೆಲ್ಲೋ ದವಡೆ ಹಲ್ಲು ಕೀಳಿಸಿದ್ದರಂತೆ. ಕಚ್ಚಿಕೊಳ್ಳಲು ಕೊಟ್ಟ ಗಾಜ್ ಬಟ್ಟೆ ಹತ್ತು ನಿಮಿಷಕ್ಕೊಮ್ಮೆ ತೊಯ್ದು ಬರುತ್ತಿತ್ತು. ಕಿಡ್ನಿ ಟ್ರೇಯಲ್ಲಿ ಗಡ್ಡೆಗಡ್ಡೆ ರಕ್ತ, ಹುಡುಗಿಯ ಫ್ರಾಕಿನ ಕೊರಳಪಟ್ಟಿಯೆಲ್ಲ ಕೆಂಪು. ಪ್ಲೇಟ್‌ಲೆಟ್ (ರಕ್ತ ನಿಲ್ಲಿಸುವ ಕಣಗಳು) ಎಣಿಕೆ ಮತ್ತು ಪಿಟಿ (ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ) ನಾರ್ಮಲ್ ಬಂದದ್ದೇ ನನಗೆ ಸಮಾಧಾನವಾಗಿ, ಹಲ್ಲಿನ ಗುಳಿಯದೇ ರಕ್ತ ಇರಬೇಕೆಂದು ಒತ್ತಿ ಪ್ಯಾಕ್ ಮಾಡುತ್ತಾ ನಲವತ್ತು ನಿಮಿಷ ಕಳೆದೆ. ಪಲ್ಸ್ 130 ದಾಟಿದಾಗ ಡ್ಯೂಟಿ ಡಾಕ್ಟರು ಜಿಲ್ಲಾಸ್ಪತ್ರೆಯ ಫಿಸಿಶಿಯನ್‌ಗೆ ಫೋನ್ ಮಾಡಿದರು. ಅವರ ಮೊದಲ ಪ್ರಶ್ನೆ ಮುಟ್ಟಿನ ಬಗ್ಗೆಯೇ. ಅದನ್ನು ಬರೆಯಲು ನಮ್ಮ ಕೇಸ್ ಶೀಟಿನಲ್ಲಿ ಕಾಲಂ ಇಲ್ಲ. ನಾನು ತಾಯಿಯ ಕಡೆ ತಿರುಗಿದೆ. "ಅವತ್ತೇ ಹೇಳಿದ್ದೆನಲ್ಲ ಸಿಸ್ಟರ್" ಎಂದು ಆಕೆ ಮೆಲ್ಲಗೆ ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟು 108ರಲ್ಲಿ ಕಳುಹಿಸಿದೆವು, ಹುಡುಗಿ ಉಳಿದಳು. ವರದಿ ಬಂದಾಗ ಅದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಎಂದು ತಿಳಿಯಿತು. ಪ್ಲೇಟ್‌ಲೆಟ್‌ಗಳ ಎಣಿಕೆ ಸರಿಯಿದ್ದರೂ ಅವನ್ನು ಗಾಯಕ್ಕೆ ಅಂಟಿಸುವ ಪ್ರೋಟೀನ್ ಸಾಲದಿರುವ ಈ ಕಾಯಿಲೆ ಹೆಣ್ಣು ಗಂಡು ಇಬ್ಬರಿಗೂ ಬರುತ್ತದೆ. 1926ರಲ್ಲಿ ಫಿನ್ಲೆಂಡಿನ ಎರಿಕ್ ವಾನ್ ವಿಲ್ಲೆಬ್ರಾಂಡ್ ಇದನ್ನು ಮೊದಲು ವಿವರಿಸಿದ್ದೇ ಓಲಂಡ್ ದ್ವೀಪಗಳ ಒಂದು ಕುಟುಂಬದ ಹುಡುಗಿಯಿಂದ. ಆಕೆ ಮುಂದೆ ನಾಲ್ಕನೆಯ ಮುಟ್ಟಿನಲ್ಲೇ ರಕ್ತಸ್ರಾವದಿಂದ ತೀರಿಕೊಂಡಳು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನನ್ನನ್ನು ಪ್ರಶ್ನೆ ಕೇಳಿದ್ದ ಆ ತಾಯಿಗೆ ಇಪ್ಪತ್ತೊಂಬತ್ತರ ಪ್ರಾಯದಲ್ಲೇ ಇಂಥದೇ ರಕ್ತಸ್ರಾವದ ಕಾರಣಕ್ಕೆ ಗರ್ಭಕೋಶ ತೆಗೆದಿದ್ದರು. ನಮ್ಮ ಮನೆಯ ಹೆಂಗಸರಿಗೆಲ್ಲ ಹೀಗೇ ಎಂದು ಅವರು ಸುಮ್ಮನಿದ್ದರು, ಕೇಳಬೇಕಾದ ನಾವೂ ಕೇಳಲಿಲ್ಲ. ಕೇಸ್ ಶೀಟಿಗೆ ಕಾಲಂ ಸೇರಿಸಲು ಎರಡು ಬಾರಿ ಬರೆದು ಕೊಟ್ಟರೂ ಉತ್ತರವಿಲ್ಲ. ಮುಟ್ಟು, ಹೆರಿಗೆ, ಹಲ್ಲು ಕಿತ್ತದ್ದು, ಮೂಗಿನ ರಕ್ತ, ಮನೆಯವರ ಇತಿಹಾಸ, ಇಷ್ಟನ್ನೂ ಈಗ ನಾನೇ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. ಹುಡುಗಿಯ ತಂಗಿಗೆ ಹತ್ತು ವರ್ಷ, ಇನ್ನೂ ಮುಟ್ಟಾಗಿಲ್ಲ. ಕಳೆದ ಸೋಮವಾರ ಅವಳ ರಕ್ತವನ್ನು ಪರೀಕ್ಷೆಗೆ ಕಳುಹಿಸಿದ್ದೇವೆ.